ಬಿ.ಎಡ್. ಕ್ರಿಯಾ ಸಂಶೋಧನೆ: 27 ಮಕ್ಕಳ ಒಂದೇ ತರಗತಿಯಲ್ಲಿ ಪ್ರಾಮಾಣಿಕವಾಗಿ ಎಷ್ಟು ಮಾಡಬಹುದು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಡ್. ಎರಡನೆಯ ವರ್ಷದ ಪ್ರಶಿಕ್ಷಣಾರ್ಥಿ. ಇಂಟರ್ನ್‌ಶಿಪ್‌ಗಾಗಿ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೆಯ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೇನೆ. ತರಗತಿಯಲ್ಲಿ 27 ಮಕ್ಕಳಿದ್ದಾರೆ. ಉಕ್ತಲೇಖನ ಕೊಟ್ಟಾಗಲೆಲ್ಲ ಒತ್ತಕ್ಷರವಿರುವ ಪದಗಳಲ್ಲಿ ತಪ್ಪುಗಳ ರಾಶಿಯೇ ಬೀಳುತ್ತಿರುವುದರಿಂದ ಅದನ್ನೇ ಕ್ರಿಯಾ ಸಂಶೋಧನೆಯ (ಶಿಕ್ಷಕರು ತಮ್ಮದೇ ತರಗತಿಯ ತೊಂದರೆಯನ್ನು ಪರಿಶೀಲಿಸಿ ಪರಿಹಾರ ಹುಡುಕುವ ಕೆಲಸ) ಸಮಸ್ಯೆಯಾಗಿ ಆರಿಸಿಕೊಂಡೆ.

ತೊಡಕು ಶುರುವಾದದ್ದು ಇಲ್ಲಿಂದ. ನಮ್ಮ ಮಾರ್ಗದರ್ಶಕರು ಪ್ರಾಯೋಗಿಕ ಗುಂಪು (ಹೊಸ ಕ್ರಮದಲ್ಲಿ ಕಲಿಸುವ ಮಕ್ಕಳು), ನಿಯಂತ್ರಿತ ಗುಂಪು (ಹೋಲಿಕೆಗಾಗಿ ಹಾಗೆಯೇ ಬಿಡುವ ಮಕ್ಕಳು) ಮತ್ತು ಟಿ-ಪರೀಕ್ಷೆ (ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಇರಲೇಬೇಕು ಎನ್ನುತ್ತಾರೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಫೈಲು ಸಿಗುತ್ತದೆ, ಶಾಲೆಯ ಹೆಸರು ಬದಲಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಸಾಕು ಎಂದು ಸೀನಿಯರ್‌ಗಳು ಹೇಳುತ್ತಾರೆ. ಶಾಲೆಯ ಮುಖ್ಯ ಶಿಕ್ಷಕರದು ಒಂದೇ ಮಾತು: ಏನಾದರೂ ಮಾಡಿಕೊಳ್ಳಿ, ಫಲಿತಾಂಶ ಮಾತ್ರ ಚೆನ್ನಾಗಿ ಬರಲಿ. ನಾನು ನಿಜವಾಗಿಯೂ ಏನಾದರೂ ತಿಳಿದುಕೊಳ್ಳುವಂತೆ ಇದನ್ನು ಮಾಡುವುದು ಹೇಗೆ? ಅನುಭವಿಗಳು ದಯವಿಟ್ಟು ತಿಳಿಸಿ.

ಸುಣ್ಣದಕಡ್ಡಿ
ಅಂಗಡಿಯ ಫೈಲಿನ ತಂಟೆಗೆ ಹೋಗಬೇಡಿ. ಅವುಗಳಲ್ಲಿ ಯಾವ ಊರಿನ ಶಾಲೆಯಾದರೂ ಪೂರ್ವ ಪರೀಕ್ಷೆಯ ಸರಾಸರಿ ಒಂದೇ ಇರುತ್ತದೆ. ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಬರುವ ಪರೀಕ್ಷಕರಿಗೆ ಅದು ತಿಳಿಯುವುದಿಲ್ಲ ಎಂದುಕೊಳ್ಳಬೇಡಿ.

ಕರಿಹಲಗೆ
ತಿಳಿಯುತ್ತದೆ, ಆದರೆ ಅಂಕ ಮಾತ್ರ ಕಡಿಮೆಯಾಗುವುದಿಲ್ಲ. ಅದನ್ನೂ ಹೇಳಿಬಿಡಿ ಸ್ವಾಮಿ. ಪ್ರಾಮಾಣಿಕವಾಗಿ ಮಾಡಿದವರ ತೆಳ್ಳನೆಯ ವರದಿಗೆ ಸಿಗುವುದಕ್ಕಿಂತ ದಪ್ಪ ಫೈಲಿಗೇ ಹೆಚ್ಚು ಅಂಕ ಸಿಗುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಹುಡುಗಿಗೆ ಆದರ್ಶ ಹೇಳುವ ಮೊದಲು ವಾಸ್ತವವನ್ನೂ ಹೇಳಬೇಕು.

ಸುಣ್ಣದಕಡ್ಡಿ
ಅವರು ಕೇಳಿದ್ದು ಅಂಕ ಪಡೆಯುವ ದಾರಿಯನ್ನಲ್ಲ, ತಿಳಿದುಕೊಳ್ಳುವ ದಾರಿಯನ್ನು. ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಸರಾಸರಿ
ನಾನು ಒಂದು ಶಿಕ್ಷಣ ಮಹಾವಿದ್ಯಾಲಯದಲ್ಲಿ ಮೌಲ್ಯಮಾಪನ ವಿಷಯ ಬೋಧಿಸುತ್ತೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ನಿಯಂತ್ರಿತ ಗುಂಪಿನ ಮಾತು. ನಿಮ್ಮ ಶಾಲೆಯಲ್ಲಿ ಆರನೆಯ ತರಗತಿಗೆ ಒಂದೇ ವಿಭಾಗವಿದೆ. 27 ಮಕ್ಕಳನ್ನು 14 ಮತ್ತು 13 ಎಂದು ಒಡೆದು, ಒಂದು ಗುಂಪಿಗೆ ಕಲಿಸಿ ಇನ್ನೊಂದನ್ನು ಕಿಟಕಿಯ ಪಕ್ಕ ಕೂರಿಸಿದರೆ, ಊಟದ ಬಿಡುವಿನಲ್ಲಿ ಮಿಂಚುಪಟ್ಟಿಗಳು (ಪದ ಬರೆದ ಫ್ಲ್ಯಾಶ್ ಕಾರ್ಡುಗಳು) ಇತ್ತಲಿಂದ ಅತ್ತ ಹೋಗಿರುತ್ತವೆ. ಐದನೆಯ ತರಗತಿಯನ್ನು ನಿಯಂತ್ರಿತ ಗುಂಪು ಎಂದು ಬರೆಯುವವರೂ ಇದ್ದಾರೆ. ಒಂದು ವರ್ಷ ಚಿಕ್ಕ ಮಕ್ಕಳನ್ನು ದೊಡ್ಡವರ ಜೊತೆ ಹೋಲಿಸಿ ಏನು ತಿಳಿಯುತ್ತದೆಯೋ ನನಗೆ ಅರ್ಥವಾಗಿಲ್ಲ. ಇರುವುದು ಒಂದೇ ಗುಂಪು, ಅದನ್ನೇ ಹಿಂದೆ ಮತ್ತು ಮುಂದೆ ಅಳೆಯಿರಿ. ಟಿ-ಪರೀಕ್ಷೆ ಬೇಕೇ ಬೇಕು ಎಂದರೆ ಜೋಡಿ ಅಂಕಗಳ ಟಿ-ಪರೀಕ್ಷೆ ಮಾಡಿ. ಅದರಲ್ಲಿ ಪ್ರತಿ ಮಗುವಿನ ಎರಡು ಅಂಕಗಳ ವ್ಯತ್ಯಾಸವನ್ನು ನೋಡುತ್ತೇವೆ. 27 ವ್ಯತ್ಯಾಸಗಳಿದ್ದರೆ ಸ್ವಾತಂತ್ರ್ಯದ ಮಟ್ಟ (ಡಿಗ್ರೀಸ್ ಆಫ್ ಫ್ರೀಡಂ, ಇಲ್ಲಿ ವ್ಯತ್ಯಾಸಗಳ ಸಂಖ್ಯೆಗಿಂತ ಒಂದು ಕಡಿಮೆ) 26. 0.05 ಸಾರ್ಥಕತಾ ಮಟ್ಟದಲ್ಲಿ, ದ್ವಿಬಾಲ ಪರೀಕ್ಷೆಗೆ (ಏರಿಕೆ, ಇಳಿಕೆ ಎರಡನ್ನೂ ಲೆಕ್ಕಿಸುವುದು), ಕೋಷ್ಟಕದ ಬೆಲೆ 2.056; ನಿಮ್ಮ ಟಿ ಬೆಲೆ ಇದನ್ನು ದಾಟಿದರೆ ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎನ್ನಬಹುದು. ಬಹುಪಾಲು ಫೈಲುಗಳಲ್ಲಿ ಒಂದೇ ಗುಂಪಿಗೆ ಎರಡು ಪ್ರತ್ಯೇಕ ಗುಂಪುಗಳ ಸೂತ್ರ ಹಾಕಿರುತ್ತಾರೆ, ಸ್ವಾತಂತ್ರ್ಯದ ಮಟ್ಟ 52 ಎಂದು ಬರೆದಿರುತ್ತಾರೆ. ವೈವಾದಲ್ಲಿ ಇದೊಂದನ್ನು ಕೇಳಿದರೂ ಸಾಕು, ಉತ್ತರ ಬರುವುದಿಲ್ಲ.

ಎರಡನೆಯದು ಇನ್ನೂ ಮುಖ್ಯವಾದದ್ದು. ಒಂದೇ ಒಂದು ಉಕ್ತಲೇಖನ ಕೊಟ್ಟು, ಅದರಲ್ಲಿ ಅತಿ ಕಡಿಮೆ ಅಂಕ ಪಡೆದ ಎಂಟು ಹತ್ತು ಮಕ್ಕಳನ್ನು ಆರಿಸಿಕೊಂಡು, ಅವರಿಗೆ ಮಾತ್ರ ಪರಿಹಾರ ಬೋಧನೆ ಮಾಡಬೇಡಿ. ಜ್ವರ ಏರಿದ ದಿನ ಕಟ್ಟಿದ ತಾಯತಕ್ಕೆ ಜ್ವರ ಇಳಿದ ಕೀರ್ತಿ ಸಿಗುವ ಹಾಗೆ, ಅವರ ಅಂಕ ಏರಿದ ಕೀರ್ತಿ ನಿಮ್ಮ ಬೋಧನೆಗೆ ಸಿಕ್ಕಿಬಿಡುತ್ತದೆ. ಆ ದಿನ ಹುಷಾರಿಲ್ಲದವರು, ಹಿಂದಿನ ಬೆಂಚಿನಲ್ಲಿ ಸರಿಯಾಗಿ ಕೇಳಿಸದವರು, ಪೆನ್ಸಿಲ್ ಮುರಿದವರು ಎಲ್ಲರೂ ಆ ಪಟ್ಟಿಯಲ್ಲಿ ಸೇರಿರುತ್ತಾರೆ. ನೀವು ಏನೂ ಮಾಡದಿದ್ದರೂ ಮುಂದಿನ ಸಲ ಅವರ ಅಂಕ ಸರಾಸರಿಯ ಕಡೆಗೆ ಏರುತ್ತದೆ. ಆದ್ದರಿಂದ ಬೋಧನೆ ಆರಂಭಿಸುವ ಮೊದಲು ಬೇರೆ ಬೇರೆ ದಿನ, ಒಂದೇ ಮಟ್ಟದ ಬೇರೆ ಬೇರೆ ಪದಗಳ ಮೂರು ಉಕ್ತಲೇಖನ ಕೊಡಿ. ಮೂರರಲ್ಲಿಯೂ ತಪ್ಪುವ ಮಗುವಿಗೆ ನಿಜವಾಗಿ ಸಹಾಯ ಬೇಕಾಗಿದೆ.

ಬಯಲುಸೀಮೆ
ಮೇಡಂ, ಎರಡು ಪ್ಯಾರಾದಲ್ಲಿ ನಮ್ಮ ಇಡೀ ಸೆಮಿಸ್ಟರ್ ಮುಗಿಸಿಬಿಟ್ಟಿರಿ. ನಮಗೆ ಇದನ್ನು ಯಾರೂ ಹೀಗೆ ಹೇಳಿರಲಿಲ್ಲ.

ಹಳೆಯ ಮೇಷ್ಟ್ರು
ನನ್ನದು ಸ್ವಲ್ಪ ತಕರಾರಿದೆ. ಟಿ-ಪರೀಕ್ಷೆ ಯಾವ ಬಗೆಯದು ಎಂಬುದರ ಮೇಲೇಕೆ ಇಷ್ಟು ಚರ್ಚೆ? ಕ್ರಿಯಾ ಸಂಶೋಧನೆಗೆ ಟಿ-ಪರೀಕ್ಷೆಯೇ ಬೇಡ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ಈ ಹೆಸರಿನಲ್ಲಿ ಬರೆದಾಗಲೂ, 1953ರಲ್ಲಿ ಅಮೆರಿಕದ ಶಿಕ್ಷಣತಜ್ಞ ಸ್ಟೀಫನ್ ಕೋರಿ ಅದನ್ನು ಶಾಲಾ ಶಿಕ್ಷಕರ ಕೈಗೆ ಕೊಟ್ಟಾಗಲೂ ಇದ್ದ ಆಶಯ ಒಂದೇ: ಕೆಲಸ ಮಾಡುವವರೇ ತಮ್ಮ ಕೆಲಸವನ್ನು ಗಮನಿಸಿ, ಬದಲಿಸಿ, ಮತ್ತೆ ಗಮನಿಸಬೇಕು. ಯೋಜನೆ, ಕ್ರಿಯೆ, ವೀಕ್ಷಣೆ, ಚಿಂತನೆ ಎಂದು ಅದು ಸುತ್ತುಸುತ್ತಾಗಿ ಹೋಗಬೇಕು. ನಮ್ಮ ಕಾಲೇಜುಗಳಲ್ಲಿ ಅದನ್ನು ಪಿಎಚ್.ಡಿ. ಪ್ರಬಂಧದ ಚಿಕ್ಕ ಪಡಿಯಚ್ಚು ಮಾಡಿಟ್ಟಿದ್ದಾರೆ. ಶೂನ್ಯ ಪ್ರಾಕ್ಕಲ್ಪನೆಯಂತೆ (ವ್ಯತ್ಯಾಸವೇ ಇಲ್ಲ ಎಂಬ ಊಹೆ), ಜನಸಂಖ್ಯೆಯಂತೆ (ಅಧ್ಯಯನದ ಇಡೀ ಸಮೂಹ), ಪ್ರತಿಚಯನವಂತೆ (ಅದರಿಂದ ಆರಿಸಿದ ಭಾಗ)! 27 ಮಕ್ಕಳೂ ಕಣ್ಣೆದುರು ಕುಳಿತಿರುವಾಗ ಯಾವ ಜನಸಂಖ್ಯೆಯಿಂದ ಯಾವ ಪ್ರತಿಚಯನ ತೆಗೆಯುತ್ತೀರಿ?

ಸರಾಸರಿ
ಮೇಷ್ಟ್ರೇ, ತಾತ್ವಿಕವಾಗಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಆ ಹುಡುಗಿ ವರದಿ ಒಪ್ಪಿಸಬೇಕಾದದ್ದು ಲೆವಿನ್ನರಿಗಲ್ಲ, ತನ್ನ ಮಾರ್ಗದರ್ಶಕರಿಗೆ. ಅವರು ಕೇಳಿದ ಅಂಕಿಯನ್ನು ಸರಿಯಾದ ರೀತಿಯಲ್ಲಿ ಕೊಟ್ಟು ತನಗೆ ಬೇಕಾದದ್ದನ್ನೂ ಮಾಡಿಕೊಳ್ಳಲಿ ಎಂಬುದು ನನ್ನ ಉದ್ದೇಶ.

ಹಳೆಯ ಮೇಷ್ಟ್ರು
ಹಾಗಾದರೆ ಟಿ-ಪರೀಕ್ಷೆಯನ್ನು ಅನುಬಂಧದಲ್ಲಿ ಹಾಕಲಿ, ನನ್ನ ಅಡ್ಡಿಯಿಲ್ಲ.

ಗಡಿನಾಡ ಶಿಕ್ಷಕಿ
ಎಲ್ಲರೂ ಅಂಕದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಮಕ್ಕಳು ಏನು ತಪ್ಪು ಬರೆದರು ಎಂದು ಇದುವರೆಗೆ ಯಾರೂ ಕೇಳಲಿಲ್ಲ. 20ಕ್ಕೆ 9 ಎಂಬ ಅಂಕ ನಿಮಗೆ ಏನನ್ನೂ ಹೇಳುವುದಿಲ್ಲ. ಆ ಹನ್ನೊಂದು ತಪ್ಪುಗಳನ್ನು ಒಂದೊಂದಾಗಿ ನೋಡಬೇಕು. ನಾನು ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಒತ್ತಕ್ಷರ ದೋಷ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಹಲವು ಬೇರೆ ಬೇರೆ ತೊಂದರೆಗಳಿವೆ.

ಒತ್ತಿನ ಆಕಾರವನ್ನು ನೋಡಿ. ಬಹುಪಾಲು ವ್ಯಂಜನಗಳ ಒತ್ತು ತಲೆಕಟ್ಟು ಕಳೆದುಕೊಂಡ ಅದೇ ಅಕ್ಷರ. ಕ, ಗ, ದ, ಬ ಇವುಗಳ ಒತ್ತನ್ನು ಮಗು ನೋಡಿಯೇ ಊಹಿಸಬಲ್ಲದು. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲಾಕ್ಷರದಂತೆ ಕಾಣುವುದೇ ಇಲ್ಲ. ಅವನ್ನು ಬೇರೆಯಾಗಿ ಕಲಿಯಬೇಕು. ದುರದೃಷ್ಟಕ್ಕೆ ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯಾಗುವ ಒತ್ತುಗಳಲ್ಲಿ ಇವೇ ಮುಂದಿವೆ. ಇನ್ನು ಕ್ರಮದ ತೊಂದರೆ: ‘ಅಮ್ಮ’ ಎಂದು ಸರಿಯಾಗಿ ಬರೆಯುವ ಮಗುವೇ ‘ಜನ್ಮ’ವನ್ನು ‘ಜಮ್ನ’ ಎಂದು ಬರೆಯುತ್ತದೆ. ಸಜಾತೀಯ ಒತ್ತಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ವಿಜಾತೀಯಕ್ಕೆ ಬಂದಾಗ ಅದು ಏಳುತ್ತದೆ. ‘ಸೂರ್ಯ’ದ ಅರ್ಕಾವೊತ್ತಿನಲ್ಲಂತೂ ಕಿವಿಗೆ ಮೊದಲು ಬೀಳುವ ರಕಾರವನ್ನು ಕೈ ಕೊನೆಗೆ ಬರೆಯಬೇಕು.

ಇವೆಲ್ಲಕ್ಕಿಂತ ಬೇರೆಯದು ಕಿವಿಯ ತಪ್ಪು. ‘ಚಿಹ್ನೆ’ಯನ್ನು ‘ಚಿನ್ಹೆ’ ಎಂದು, ‘ಮಧ್ಯಾಹ್ನ’ವನ್ನು ‘ಮಧ್ಯಾನ್ಹ’ ಎಂದು ಬರೆದ ಮಗುವಿಗೆ ಒತ್ತಕ್ಷರ ಚೆನ್ನಾಗಿಯೇ ಬರುತ್ತದೆ. ನಾವು ಉಚ್ಚರಿಸಿದ್ದನ್ನು ಅದು ನಿಷ್ಠೆಯಿಂದ ಬರೆದಿದೆ, ಅಷ್ಟೆ. ‘ಬಂದಿದ್ದಾರೆ’ ಎಂಬುದನ್ನು ‘ಬಂದಿದಾರೆ’ ಎಂದು ಬರೆದರೆ ಮನೆಯಲ್ಲಿ ಆಡುವ ಮಾತು ಹಾಗಿದೆ ಎಂದರ್ಥ. ಈ ನಾಲ್ಕು ಬಗೆಯ ಮಕ್ಕಳಿಗೂ ‘ಹತ್ತು ಸಲ ಬರೆದುಕೊಂಡು ಬಾ’ ಎಂಬ ಒಂದೇ ಮದ್ದು ಕೊಡುವುದನ್ನು ಪರಿಹಾರ ಬೋಧನೆ ಎನ್ನುತ್ತೇವೆ.

ಮಲೆನಾಡಿಗ
ಅಕ್ಕಾ, ಈ ಉತ್ತರವನ್ನು ಮುದ್ರಿಸಿ ನಮ್ಮ ಸ್ಟಾಫ್ ರೂಮಿನಲ್ಲಿ ಅಂಟಿಸುತ್ತೇನೆ. ‘ಚಿನ್ಹೆ’ ಎಂದು ಬರೆಯುವ ಶಿಕ್ಷಕರೂ ನಮ್ಮಲ್ಲಿದ್ದಾರೆ, ಹೆಸರು ಹೇಳುವುದಿಲ್ಲ.

ಕರಿಹಲಗೆ
ಬರವಣಿಗೆಯ ಗೊಡವೆ ಬಿಟ್ಟು ಓದಿನ ಮೇಲೆ ಮಾಡಿದರೆ ಸುಲಭವಲ್ಲವೇ? 2005ರಿಂದ ‘ಅಸರ್’ (ಮಕ್ಕಳ ಓದು, ಲೆಕ್ಕ ಅಳೆಯುವ) ಸಮೀಕ್ಷೆಯಲ್ಲಿ ಬಳಸುತ್ತಿರುವ ಓದಿನ ಸಾಧನ ಸಿದ್ಧವಾಗಿದೆ: ಅಕ್ಷರ, ಪದ, ಒಂದನೆಯ ತರಗತಿಯ ಪ್ಯಾರಾ, ಎರಡನೆಯ ತರಗತಿಯ ಕಥೆ. ಕನ್ನಡದಲ್ಲಿಯೂ ಇದೆ. ಪ್ರಶ್ನೆಪತ್ರಿಕೆ ತಯಾರಿಸುವ ಶ್ರಮ ಉಳಿಯುತ್ತದೆ.

ಗಡಿನಾಡ ಶಿಕ್ಷಕಿ
ಆ ಸಾಧನ ಒಳ್ಳೆಯದೇ, ಆದರೆ ಅದಿರುವುದು ಮನೆಮನೆಗೆ ಹೋಗಿ ಜಿಲ್ಲೆಯ ಚಿತ್ರ ತೆಗೆಯಲು. ಆರನೆಯ ತರಗತಿಯ ಬಹಳಷ್ಟು ಮಕ್ಕಳು ಕಥೆಯ ಮಟ್ಟವನ್ನು ದಾಟಿರುತ್ತಾರೆ. ದಾಟಿದ ಮೇಲೆ ಅದು ಏನನ್ನೂ ತೋರಿಸುವುದಿಲ್ಲ. ಯಾವ ಒತ್ತಿನಲ್ಲಿ ಮಗು ಎಡವುತ್ತದೆ ಎಂದು ತಿಳಿಯಲು ಪದಗಳ ಪಟ್ಟಿಯನ್ನು ಇವರೇ ಮಾಡಿಕೊಳ್ಳಬೇಕು, ಅದೂ ಪಠ್ಯಪುಸ್ತಕದಿಂದಲೇ.

ಬಯಲುಸೀಮೆ
ಮುಖ್ಯ ಶಿಕ್ಷಕರ ಮಾತಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಫಲಿತಾಂಶ ಚೆನ್ನಾಗಿ ಬರದಿದ್ದರೆ ಏನು ಮಾಡುವುದು? ನನ್ನ ಗೆಳತಿಯ ವರದಿಯಲ್ಲಿ ಉತ್ತರ ಪರೀಕ್ಷೆಯ ಸರಾಸರಿ ಏರಲೇ ಇಲ್ಲ. ‘ಹೀಗೆ ಬರೆದರೆ ಹೇಗಮ್ಮಾ, ಸ್ವಲ್ಪ ಸರಿಮಾಡಿಕೊಂಡು ಬಾ’ ಎಂದು ಅವಳ ಮಾರ್ಗದರ್ಶಕರೇ ಫೈಲನ್ನು ವಾಪಸ್ ಕೊಟ್ಟರು.

ಸುಣ್ಣದಕಡ್ಡಿ
‘ಸರಿಮಾಡಿಕೊಂಡು ಬಾ’ ಎನ್ನುವವರಿಗೆ ಸಂಶೋಧನೆಯ ಮಾರ್ಗದರ್ಶನ ಕೊಟ್ಟವರು ಯಾರು?

ಹಳೆಯ ಮೇಷ್ಟ್ರು
ಕೋಪ ಬೇಡ. ಅವರ ಮೇಲೂ ಒತ್ತಡವಿರುತ್ತದೆ, ಒಬ್ಬೊಬ್ಬರ ಮೇಜಿನ ಮೇಲೆ ಹತ್ತಾರು ಫೈಲು ಬಿದ್ದಿರುತ್ತವೆ. ಆದರೆ ಅಂಕಿ ತಿದ್ದಿ ಎನ್ನುವುದು ತಪ್ಪೇ ಸರಿ. ಕಲಿಕೆ ಏರಲಿಲ್ಲ ಎಂಬುದೂ ಒಂದು ತಿಳಿವಳಿಕೆ, ಆದರೆ ಯಾಕೆ ಏರಲಿಲ್ಲ ಎಂದು ಹೇಳುವಷ್ಟು ಟಿಪ್ಪಣಿ ನಿಮ್ಮ ಬಳಿ ಇರಬೇಕು. ಮಿಂಚುಪಟ್ಟಿ ಆಟ ಆಡಿಸಿದ ದಿನ ಯಾರು ಗೈರುಹಾಜರಾಗಿದ್ದರು, ಯಾವ ಗುಂಪಿನಲ್ಲಿ ಒಬ್ಬ ಜಾಣ ಹುಡುಗನೇ ಎಲ್ಲ ಉತ್ತರ ಹೇಳಿಬಿಟ್ಟ, ಪ್ರತಿಭಾ ಕಾರಂಜಿಯ ತಾಲೀಮಿಗೆ ಎಷ್ಟು ಪೀರಿಯಡ್ ಹೋಯಿತು ಎಂದು ಅಂದಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದಿಲ್ಲದೆ ಕೊನೆಯಲ್ಲಿ ಕುಳಿತು ಬರೆದ ‘ಚಿಂತನೆ’ ಎಂಬ ಅಧ್ಯಾಯ ಬರೀ ಬೂಸಾ.

ಅಂದಹಾಗೆ, ಶಿಕ್ಷಕರ ಸಣ್ಣ ಪ್ರಯೋಗಗಳಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ನಲಿ-ಕಲಿಯನ್ನು (ಕಾರ್ಡುಗಳ ಮೂಲಕ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ಕ್ರಮ) ನೆನಪಿಸಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳ ಕ್ರಮವನ್ನು ನೋಡಿ ಬಂದು, ಪಾಠಗಳನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಕಾರ್ಡುಗಳನ್ನು ತಾವೇ ಮಾಡಿ ತರಗತಿಯಲ್ಲಿ ಪರೀಕ್ಷಿಸಿದರು. ಯುನಿಸೆಫ್ ಬೆಂಬಲವೂ ಇತ್ತು ಎನ್ನಿ.

ಕರಿಹಲಗೆ
ಮೇಷ್ಟ್ರೇ, ಅವರು ಅದೇ ಶಾಲೆಯಲ್ಲಿ ಉಳಿಯುವ ಶಿಕ್ಷಕರು. ಇಂಟರ್ನ್‌ಶಿಪ್‌ಗೆ ಬಂದವರು 16 ವಾರ ಮುಗಿದ ಮರುದಿನ ಮಾಯವಾಗುತ್ತಾರೆ. ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್.ಸಿ.ಟಿ.ಇ.ಯ 2014ರ ನಿಯಮಾವಳಿ ಅವಧಿಯನ್ನೇನೋ ಹೆಚ್ಚಿಸಿತು, ಆದರೆ ಅವರು ಕಂಡುಕೊಂಡದ್ದು ಕಾಲೇಜಿನ ಕಪಾಟಿಗೆ ಹೋಗುತ್ತದೆಯೇ ಹೊರತು ಶಾಲೆಗೆ ಬರುವುದಿಲ್ಲ. ನಮ್ಮ ಶಾಲೆಗೆ ಪ್ರತಿವರ್ಷ ಪ್ರಶಿಕ್ಷಣಾರ್ಥಿಗಳು ಬರುತ್ತಾರೆ, ನಮ್ಮ ಮಕ್ಕಳಿಗೆ ಪರೀಕ್ಷೆಯ ಮೇಲೆ ಪರೀಕ್ಷೆ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಒಬ್ಬರಾದರೂ ‘ಸರ್, ನಿಮ್ಮ ತರಗತಿಯ ಈ ಆರು ಮಕ್ಕಳಿಗೆ ಈ ತೊಂದರೆಯಿದೆ’ ಎಂದು ಒಂದು ಹಾಳೆ ಕೊಟ್ಟು ಹೋದದ್ದಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ತುಂಗಾತೀರ
ಸರ್, ನಿಮ್ಮ ಮಾತು ನ್ಯಾಯವಾದದ್ದು. ಆ ಹಾಳೆಯನ್ನು ನಾನು ಖಂಡಿತ ಕೊಡುತ್ತೇನೆ. ಫೋಟೋ ವಿಷಯ ಬಂದದ್ದರಿಂದ ಇನ್ನೊಂದು ಪ್ರಶ್ನೆ: ನಮ್ಮ ಕಾಲೇಜಿನವರು ನ್ಯಾಕ್‌ಗೆ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆಗೆ) ಬೇಕೆಂದು ಜಿಯೋಟ್ಯಾಗ್ (ತೆಗೆದ ಜಾಗದ ಗುರುತು) ಇರುವ ಫೋಟೋಗಳನ್ನು ವರದಿಯಲ್ಲಿ ಅಂಟಿಸಲು ಹೇಳಿದ್ದಾರೆ. ಪರಿಹಾರ ಬೋಧನೆ ಪಡೆಯುತ್ತಿರುವ ಮಕ್ಕಳ ಮುಖ ಕಾಣುವ ಫೋಟೋ ಹಾಕಲು ನನಗೆ ಇಷ್ಟವಿಲ್ಲ.

ಗಡಿನಾಡ ಶಿಕ್ಷಕಿ
ಇಷ್ಟವಿಲ್ಲದಿರುವುದೇ ಸರಿ. ಹನ್ನೊಂದು ವರ್ಷದ ಹುಡುಗಿಯ ಮುಖದ ಕೆಳಗೆ ‘ಹಿಂದುಳಿದ ವಿದ್ಯಾರ್ಥಿ’ ಎಂಬ ಶೀರ್ಷಿಕೆ ಇರುವ ಫೈಲನ್ನು ನಾನು ನೋಡಿದ್ದೇನೆ, ಹೊಟ್ಟೆ ಉರಿಯಿತು. ಹಿಂದಿನಿಂದ ತೆಗೆಯಿರಿ, ಇಲ್ಲವೇ ಕೈ ಮತ್ತು ನೋಟ್‌ಬುಕ್ ಮಾತ್ರ ಕಾಣುವಂತೆ ತೆಗೆಯಿರಿ. ನ್ಯಾಕ್‌ನವರಿಗೆ ಜಾಗ ಮತ್ತು ಸಮಯ ಕಂಡರೆ ಸಾಕು, ಮುಖ ಬೇಕಿಲ್ಲ. ಹೆಸರಿನ ಬದಲು ಸಂಕೇತ ಕೊಡಿ, ಆದರೆ ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನೇ ಸಂಕೇತ ಮಾಡಬೇಡಿ, ಅದನ್ನು ಯಾರು ಬೇಕಾದರೂ ಬಿಡಿಸಬಹುದು. ಮುಖ್ಯ ಶಿಕ್ಷಕರ ಅನುಮತಿ ಪತ್ರದ ಜೊತೆಗೆ ಪೋಷಕರಿಗೂ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಕಳಿಸಿ. ಮಕ್ಕಳನ್ನೂ ಒಂದು ಮಾತು ಕೇಳಿ.

ಮಲೆನಾಡಿಗ
ಮಕ್ಕಳನ್ನು ಕೇಳುವುದೇ? ‘ಬೇಡ’ ಎಂದರೆ ಉಕ್ತಲೇಖನ ಕೊಡುವುದಿಲ್ಲವೇ?

ಗಡಿನಾಡ ಶಿಕ್ಷಕಿ
ಉಕ್ತಲೇಖನ ಪಾಠದ ಭಾಗ, ಅದನ್ನು ಎಲ್ಲರೂ ಬರೆಯುತ್ತಾರೆ. ಅವರ ನೋಟ್‌ಬುಕ್ಕಿನ ಪುಟವನ್ನು ವರದಿಗೆ ತೆಗೆದುಕೊಳ್ಳುವುದು ಪಾಠದ ಭಾಗವಲ್ಲ. ಅದಕ್ಕೆ ಕೇಳಬೇಕು.

ತುಂಗಾತೀರ
ಎಲ್ಲರಿಗೂ ಧನ್ಯವಾದಗಳು. ಸರಾಸರಿ ಮೇಡಂ ಹೇಳಿದಂತೆ ಮೂರು ಉಕ್ತಲೇಖನಗಳನ್ನು ಕೊಟ್ಟು, ಗಡಿನಾಡ ಅಕ್ಕ ಹೇಳಿದಂತೆ ತಪ್ಪುಗಳನ್ನು ವಿಂಗಡಿಸಿದೆ. ಒತ್ತನ್ನು ಬಿಟ್ಟದ್ದು, ಆಕಾರ ತಪ್ಪಿದ್ದು, ಮೇಲೆ ಕೆಳಗೆ ಆದದ್ದು, ಕೇಳಿಸಿದಂತೆ ಬರೆದದ್ದು ಎಂದು ನಾಲ್ಕು ಗುಂಪು ಮಾಡಿದೆ. ನಾನು ಎಣಿಸಿದ್ದಕ್ಕಿಂತ ಚಿತ್ರ ಬೇರೆಯೇ ಇದೆ. ಆಕಾರ ತಪ್ಪುವವರು ಬಹಳ ಕಡಿಮೆ, ಮತ್ತು ಅವರಲ್ಲಿ ಹೆಚ್ಚಿನವರು ಎಡವುವುದು ನಕಾರದ ಹಾಗೂ ತಕಾರದ ಒತ್ತುಗಳ ನಡುವೆ. ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಹೋಗಿದಾರೆ’, ‘ಮಾಡಿದಾನೆ’ ಬಗೆಯವು. ಎರಡು ಸಲ ನಾನು ನಿಧಾನವಾಗಿ ಒತ್ತಿ ಹೇಳಿದಾಗ ಅದೇ ಮಕ್ಕಳು ಸರಿಯಾಗಿ ಬರೆದರು. ಒಬ್ಬ ಹುಡುಗ ಮಾತ್ರ ಕೇಳಿದ: ‘ಮಿಸ್, ನೀವು ಪಾಠ ಮಾಡುವಾಗ ಹಾಗೆ ಹೇಳುವುದಿಲ್ಲವಲ್ಲ?’

ಹಳೆಯ ಮೇಷ್ಟ್ರು
ಆ ಹುಡುಗನ ಪ್ರಶ್ನೆಯನ್ನು ಇದ್ದ ಹಾಗೆಯೇ ವರದಿಯಲ್ಲಿ ಹಾಕಿ. ನಿಮ್ಮ ಸಮಸ್ಯೆಯ ಹೇಳಿಕೆ ಈಗ ಬದಲಾಗಬೇಕು. ‘ಒತ್ತಕ್ಷರ ದೋಷ ನಿವಾರಣೆ’ ಎಂಬ ಶೀರ್ಷಿಕೆ ಇನ್ನು ಹೊಂದುವುದಿಲ್ಲ. ಆಡುಮಾತಿಗೂ ಬರಹಕ್ಕೂ ಇರುವ ಅಂತರ ಕ್ರಿಯಾಪದಗಳ ಬರವಣಿಗೆಯಲ್ಲಿ ಹೇಗೆ ಕಾಣುತ್ತದೆ ಎಂಬುದು ನಿಮ್ಮ ವಿಷಯ.

ಸುಣ್ಣದಕಡ್ಡಿ
ಶೀರ್ಷಿಕೆ ಬದಲಿಸಲು ಕಾಲೇಜು ಒಪ್ಪುತ್ತದೆಯೇ? ನಮ್ಮಲ್ಲಿ ಒಮ್ಮೆ ಸಾರಾಂಶಕ್ಕೆ ಸಹಿ ಬಿದ್ದರೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ.

ಸರಾಸರಿ
ಶೀರ್ಷಿಕೆ ಹಾಗೆಯೇ ಇರಲಿ, ಒಳಗಿನ ‘ಸಂಭಾವ್ಯ ಕಾರಣಗಳು’ ಎಂಬ ಭಾಗದಲ್ಲಿ ಇದನ್ನು ಬರೆದು ಕ್ರಿಯಾ ಪ್ರಾಕ್ಕಲ್ಪನೆಯನ್ನು (ಹೀಗೆ ಮಾಡಿದರೆ ಹೀಗಾಗಬಹುದು ಎಂಬ ಊಹೆ) ಅದಕ್ಕೆ ತಕ್ಕಂತೆ ರೂಪಿಸಿದರಾಯಿತು. ಸಮಸ್ಯೆಯನ್ನು ವಿಶ್ಲೇಷಿಸಿದ ಮೇಲೆ ಕಾರಣ ಖಚಿತವಾಗುವುದು ಕ್ರಿಯಾ ಸಂಶೋಧನೆಯ ಹಂತಗಳಲ್ಲೇ ಇದೆ. ಅದನ್ನು ತೋರಿಸಿದರೆ ಯಾವ ಮಾರ್ಗದರ್ಶಕರೂ ಬೇಡ ಎನ್ನಲಾರರು.

ನಿಯಂತ್ರಿತ ಗುಂಪಿನ ಕೊರತೆಗೂ ಒಂದು ಉಪಾಯವಿದೆ. ಮಕ್ಕಳನ್ನು ಒಡೆಯುವ ಬದಲು ಪದಗಳನ್ನು ಒಡೆಯಿರಿ. ‘ಇದ್ದಾರೆ’ ಬಗೆಯ ಕ್ರಿಯಾಪದಗಳು ಒಂದು ಪಟ್ಟಿ, ‘ಜನ್ಮ’, ‘ಪದ್ಮ’ ಬಗೆಯ ವಿಜಾತೀಯ ಒತ್ತಿನ ಪದಗಳು ಇನ್ನೊಂದು ಪಟ್ಟಿ. ಮೊದಲ ಕೆಲವು ವಾರ ಮೊದಲ ಪಟ್ಟಿಯನ್ನು ಮಾತ್ರ ಕಲಿಸಿ, ಆದರೆ ವಾರವಾರ ಎರಡನ್ನೂ ಪರೀಕ್ಷಿಸಿ. ಮೊದಲನೆಯದು ಏರಿ ಎರಡನೆಯದು ಇದ್ದಲ್ಲೇ ಇದ್ದರೆ, ಏರಿಕೆಗೆ ಕಾರಣ ನಿಮ್ಮ ಬೋಧನೆ ಎಂದು ಧೈರ್ಯವಾಗಿ ಹೇಳಬಹುದು. ಆಮೇಲೆ ಎರಡನೆಯದನ್ನೂ ಕಲಿಸಿ. ಹೀಗೆ ಮಾಡಿದರೆ ಯಾವ ಮಗುವೂ ಕಲಿಕೆಯಿಂದ ಹೊರಗುಳಿಯುವುದಿಲ್ಲ.

ಬಯಲುಸೀಮೆ
ಎರಡೂ ಒಟ್ಟಿಗೆ ಏರಿಬಿಟ್ಟರೆ?

ಸರಾಸರಿ
ಆಗ ಎರಡು ಸಾಧ್ಯತೆಗಳಿವೆ. ಒಂದನ್ನು ಕಲಿತ ಮಕ್ಕಳು ಇನ್ನೊಂದರಲ್ಲೂ ಕಿವಿಗೊಟ್ಟು ಬರೆಯತೊಡಗಿರಬಹುದು, ಅಥವಾ ವಾರವಾರ ಪರೀಕ್ಷೆ ಬರೆದೂ ಬರೆದೂ ಎಚ್ಚರ ಹೆಚ್ಚಿರಬಹುದು. ಅಂಕಿ ನೋಡಿ ಇದನ್ನು ಬಿಡಿಸಲಾಗದು. ನಾಲ್ಕೈದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರೆಯುವಾಗ ಏನು ಯೋಚಿಸಿದೆ ಎಂದು ಕೇಳಬೇಕು.

ಕರಿಹಲಗೆ
ವಾರವಾರ ಪರೀಕ್ಷೆ ಎಂದರೆ ನನಗೆ ಮತ್ತೆ ಸಿಟ್ಟು ಬರುತ್ತದೆ. ಎಫ್.ಎ., ಎಸ್.ಎ. (ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳು) ಎಂದು ಮಕ್ಕಳಿಗೆ ಈಗಲೇ ಸಾಕಷ್ಟಿದೆ. ಪಾಠದ ಕೊನೆಯ ಐದು ನಿಮಿಷದಲ್ಲಿ, ಅಂಕ ಹಾಕದೆ, ಎಂಟು ಪದ ಮಾತ್ರ ಬರೆಸುವುದಾದರೆ ಒಪ್ಪುತ್ತೇನೆ.

ತುಂಗಾತೀರ
ಎಂಟು ಪದಗಳಿಗೆ ನಾನೂ ಒಪ್ಪುತ್ತೇನೆ ಸರ್. ಮೊದಲ ಪಟ್ಟಿಗೆ ಮಕ್ಕಳೇ ಮನೆಯ ಮಾತನ್ನು ಒಂದು ಕಡೆ, ಪುಸ್ತಕದ ರೂಪವನ್ನು ಇನ್ನೊಂದು ಕಡೆ ಬರೆದು ಎರಡನ್ನೂ ಗಟ್ಟಿಯಾಗಿ ಓದುವ ಚಟುವಟಿಕೆ ಯೋಚಿಸಿದ್ದೇನೆ. ಮನೆಯ ಮಾತು ತಪ್ಪು ಎಂದು ಎಲ್ಲಿಯೂ ಹೇಳುವುದಿಲ್ಲ. ಉತ್ತರ ಪರೀಕ್ಷೆಯನ್ನು ದಸರಾ ರಜೆಗೆ ಮೊದಲೇ ಮುಗಿಸಬೇಕೆಂದಿದ್ದೇನೆ. ಸರಿಯೇ?

ಗಡಿನಾಡ ಶಿಕ್ಷಕಿ
ರಜೆಗೆ ಮೊದಲು ಒಂದು ಮಾಡಿ, ರಜೆ ಕಳೆದ ಮೇಲೆ ಇನ್ನೊಂದು ಮಾಡಿ. ನಡುವೆ ಮಕ್ಕಳು ಮನೆಯ ಮಾತಿನಲ್ಲೇ ಇರುತ್ತಾರೆ, ಕಲಿತದ್ದು ಎಷ್ಟು ಉಳಿದಿದೆ ಎಂಬುದು ಆಗಲೇ ತಿಳಿಯುವುದು. ಸಿದ್ಧ ಫೈಲುಗಳಲ್ಲಿ ಇದು ಇರುವುದೇ ಇಲ್ಲ.

ಮಲೆನಾಡಿಗ
ಆದರೆ ಶಾಲೆ ತೆರೆದ ದಿನವೇ ಇಡಬೇಡಿ. ನಮ್ಮ ಕಡೆ ಅರ್ಧ ಮಕ್ಕಳು ಅಜ್ಜಿಯ ಮನೆಯಿಂದ ಬಂದಿರುವುದೇ ಇಲ್ಲ. ಒಂದು ವಾರ ಬಿಟ್ಟು, ಪಾಠದ ನಡುವೆ ಮೊದಲೇ ಹೇಳದೆ ಬರೆಸಿ.

ಸರಾಸರಿ
ಮತ್ತು ಆಗ ನಿಮ್ಮ ಬದಲು ತರಗತಿ ಶಿಕ್ಷಕರೇ ಪದಗಳನ್ನು ಹೇಳಲಿ, ಎಂದಿನಂತೆ ಮಾತನಾಡುವ ಧಾಟಿಯಲ್ಲಿ.